ಉಪ್ಪಿನ ಹೇರು ಇಳಿದಲ್ಲಿ ತಾಂಡಾ

ಕೂಡ್ಲಿಗಿ ಬಿಟ್ಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸುತ್ತಿ ಬನ್ನಿ. ದಾರಿಯುದ್ದಕ್ಕೂ ‘ತಾಂಡಾ’ ಎಂಬ ಫಲಕ ಮತ್ತೆ ಮತ್ತೆ ಎದುರಾಗುತ್ತದೆ. ಇಂದು ತಾಂಡಾ ಎಂದರೆ ಲಂಬಾಣಿಗರ ಊರು. ಒಂದು ಕಾಲಕ್ಕೆ ಹೇರು ಹೊತ್ತು ನಡೆಯುವ ಎತ್ತುಗಳ ಸಾಲಿಗೇ ಆ ಹೆಸರಿತ್ತು.

ಈ ಸೀಮೆಯಲ್ಲಿ ಸರಕು ಸಾಗಿಸುವುದು ಹಿಂದಿನಿಂದಲೂ ಕಷ್ಟದ ಕೆಲಸ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಯ್ಯಾವೊಳೆಯ ಐನೂರ್ವರು ನಾಡಿನಿಂದ ನಾಡಿಗೆ ವ್ಯಾಪಾರ ನಡೆಸುತ್ತಿದ್ದರು. ಹೆಜ್ಜುಂಕ, ವಡ್ಡರಾವುಳದಂಥ ಸುಂಕಗಳು ಅಂದಿನ ಶಾಸನಗಳಲ್ಲಿವೆ. 

ಸುಂಕ ಕಟ್ಟಿದರೂ ಹೊಳೆ ಬಿಡಬೇಕಲ್ಲ? 1520ರ ಹೊತ್ತಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ತುಂಗಭದ್ರೆಯ ಹರಿಗೋಲನ್ನು ಕಂಡು ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನದು, ಹೊರಗೆ ತೊಗಲಿನ ಹೊದಿಕೆ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದಾಗ ಗಿರಗಿರನೆ ಸುತ್ತುತ್ತದೆ. ಎತ್ತು, ಕುದುರೆಗಳು ಬಹುಪಾಲು ಈಜಿಯೇ ದಾಟಬೇಕಿತ್ತು.

ಮಳೆ ಬಿದ್ದರೆ ಎರೆಮಣ್ಣಿನಲ್ಲಿ ಬಂಡಿಯ ಗಾಲಿ ಹೂತುಹೋಗುತ್ತದೆ. ಘಟ್ಟದ ಕಡಿದಾದ ದಾರಿಗೆ ಬಂಡಿ ಏರದು. ಅಲ್ಲಿ ನೆಚ್ಚಬಹುದಾದದ್ದು ಎತ್ತಿನ ಬೆನ್ನೊಂದೇ. ಲಂಬಾಣಿಗರು ಬದುಕು ಕಟ್ಟಿಕೊಂಡದ್ದು ಇದರ ಮೇಲೆಯೇ. ಬಯಲುಸೀಮೆಯ ಕಾಳುಕಡಿ ಕರಾವಳಿಗೆ, ಕರಾವಳಿಯ ಉಪ್ಪು ಬಯಲುಸೀಮೆಗೆ. ಎರಡೂ ಬದಿಗೆ ಸಮನಾಗಿ ತೂಗುವಂತೆ ಗೋಣಿಯನ್ನು ಎತ್ತಿನ ಬೆನ್ನಿಗೆ ಹಾಕುತ್ತಿದ್ದರು. ಒಂದು ಬದಿ ಭಾರವಾದರೆ ಬೆನ್ನು ಹುಣ್ಣಾಗುತ್ತದೆ, ಪಯಣ ಅಲ್ಲಿಗೇ ನಿಲ್ಲುತ್ತದೆ. ಸಾಲಿನ ಮುಂದಿನ ಎತ್ತಿಗೆ ಗಂಟೆ, ಕವಡೆಯ ಸಿಂಗಾರ. ಇಳಿದಲ್ಲಿ ಗೋಣಿಗಳನ್ನೇ ಒಟ್ಟಿ ಗೋಡೆ ಮಾಡಿಕೊಂಡು, ಎತ್ತುಗಳನ್ನು ಮೇಯಲು ಬಿಡುತ್ತಿದ್ದರು. 1632ರಲ್ಲಿ ಉತ್ತರ ಭಾರತದಲ್ಲಿ ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 14,000 ಎತ್ತುಗಳ ತಾಂಡಾ ಕಂಡ. ಅದು ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲ. ನಡೆಯುವಷ್ಟೇ ಹೊತ್ತು ಮೇಯಲಿಕ್ಕೂ ಬೇಕಲ್ಲ!

ರಸ್ತೆಗಳಾದವು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂತು. ಎತ್ತಿನ ಬೆನ್ನಿನ ಹೇರು ವ್ಯಾಗನ್ನಿಗೆ ಏರಿತು. ದಾರಿಯೇ ಮನೆಯಾಗಿದ್ದವರು ನಿಂತಲ್ಲೇ ಗುಡಿಸಲು ಹಾಕಿದರು. ಊರಿಂದಾಚೆ, ಗುಡ್ಡದ ಬುಡದಲ್ಲಿ ಇಷ್ಟು ತಾಂಡಾಗಳು ಏಕಿವೆ ಎಂಬುದಕ್ಕೆ ಇಲ್ಲೇ ಸುಳಿವಿದೆ. ಎತ್ತಿಗೆ ಬೇಕಾದ ಹುಲ್ಲು ಸಿಗುತ್ತಿದ್ದುದು ಅಂಥ ಕಡೆಯಲ್ಲೇ.

ಎತ್ತಿನ ಕೊರಳಲ್ಲಿದ್ದ ಕವಡೆ ಇಂದಿಗೂ ಹೆಣ್ಣುಮಕ್ಕಳ ಕಸೂತಿಯಲ್ಲಿ ಮಿನುಗುತ್ತದೆ. ದಾರಿ ಮಾತ್ರ ಇನ್ನೂ ಮುಗಿದಿಲ್ಲ. ಸುಗ್ಗಿ ಮುಗಿದರೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಎಂದು ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಗುಳೆ ಹೋಗುತ್ತವೆ. ನಮ್ಮ ಅಜ್ಜ ಮುತ್ತಜ್ಜರ ಗಂಗಾಳಕ್ಕೆ ಉಪ್ಪು ತಂದುಕೊಟ್ಟವರ ಮೊಮ್ಮಕ್ಕಳು ಇವರು. ಅವರಿಗೆ ಊರಲ್ಲೇ ಕೆಲಸ, ಮಕ್ಕಳಿಗೆ ತಪ್ಪದ ಶಾಲೆ ಸಿಗುವವರೆಗೂ ಈ ಸೀಮೆಯ ಮೇಲೆ ಉಪ್ಪಿನ ಋಣ ಉಳಿದೇ ಇರುತ್ತದೆ.