ಕೆಂಪು ತಂತಿ, ಹಳದಿ ತಂತಿ: ಕಾರಿನ ಸ್ಟೀರಿಯೊ ಬದಲಿಸುವ ಮುನ್ನ

ಹೂವಿನಹಡಗಲಿ ತಾಲ್ಲೂಕಿನ ಹೊಳಲು ನನ್ನ ಊರು. ಕೆಲವು ವರ್ಷಗಳ ಹಿಂದೆ ಮೈಲಾರದ ಜಾತ್ರೆಗೆಂದು ಅಲ್ಲಿಗೆ ಹೋಗಿದ್ದೆ. ಜಾತ್ರೆಯ ಗದ್ದಲದಲ್ಲಿ ಕಾರು ಹೊರತೆಗೆಯುವುದೇ ಬೇಡವೆಂದು ಚಿಕ್ಕಪ್ಪನ ಮಗ ಅದನ್ನು ಮೂರು ದಿನ ಮನೆಯ ಮುಂದೆಯೇ ನಿಲ್ಲಿಸಿದ್ದ. ಮೂರನೆಯ ರಾತ್ರಿ ಚಿಕ್ಕಪ್ಪನಿಗೆ ಎದೆನೋವು ಕಾಣಿಸಿಕೊಂಡಿತು. ತಮ್ಮ ಓಡಿಹೋಗಿ ಕೀಲಿ ತಿರುಗಿಸಿದ. ಟಿಕ್ ಎಂಬ ಸಣ್ಣ ಸದ್ದು, ಅಷ್ಟೇ. "ಅಣ್ಣಾ, ಗಾಡಿ ಸ್ಟಾರ್ಟ್ ಆಗವಲ್ದು. ಬ್ಯಾಟರಿ ಕುಂತೈತಿ" ಎಂದ. ಓಣಿಯ ಐದಾರು ಮಂದಿ ಸೇರಿ ತಳ್ಳಿದರು. ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಚಿಕ್ಕಪ್ಪನನ್ನು ಹಡಗಲಿಯ ಆಸ್ಪತ್ರೆಗೆ ಸೇರಿಸಿದೆವು. ಗುಣವಾಗಿ ಮನೆಗೆ ಬಂದರು.

ಮರುದಿನ ತಮ್ಮ ಬ್ಯಾಟರಿಯನ್ನು ಬೈಯುತ್ತ ಕುಳಿತಿದ್ದ. ನನಗೆ ಅನುಮಾನ ಬಂದದ್ದು ಬೇರೆ ಕಡೆ. ಹದಿನೈದು ದಿನಗಳ ಹಿಂದಷ್ಟೇ ಅವನು ಪೇಟೆಯ ಅಂಗಡಿಯೊಂದರಲ್ಲಿ ಕಂಪನಿಯ ಸ್ಟೀರಿಯೊ ತೆಗೆಸಿ, ಬ್ಲೂಟೂತ್ ಇರುವ ಹೊಸ ಸೆಟ್ ಹಾಕಿಸಿದ್ದ.

ಕಾರಿನೊಳಗೆ ರೇಡಿಯೊ ಬಂದದ್ದು ಹೊಸದೇನಲ್ಲ. ಷಿಕಾಗೋದ ಗ್ಯಾಲ್ವಿನ್ ಸಂಸ್ಥೆ 'ಮೋಟೊರೋಲಾ' ಎಂಬ ಹೆಸರಿನ ಕಾರ್ ರೇಡಿಯೊವನ್ನು ಮಾರಾಟಕ್ಕೆ ತಂದದ್ದು 1930ರಲ್ಲಿ. ನಮ್ಮಲ್ಲಿ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ, ಮತ್ತು 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800ರ ಆರಂಭದ ವರ್ಷಗಳಲ್ಲಿ, ಸೆಟ್ಟನ್ನು ಸಾಮಾನ್ಯವಾಗಿ ಹೊರಗೆ ಹಾಕಿಸಬೇಕಿತ್ತು. ಬೆಂಗಳೂರಿನ ಜೆ.ಸಿ. ರಸ್ತೆಗೆ ಕಾರು ಒಯ್ಯುವುದೆಂದರೆ ಒಂದು ಸಂಭ್ರಮ! ಕಾರಿನ ಜೊತೆಗೇ ಸೆಟ್ ಬರುವುದು ರೂಢಿಯಾದದ್ದು ಆಮೇಲೆ. ಹಾಗೆ ಬಂದ ಸೆಟ್ಟುಗಳೇ ಈಗ ಹಳತಾಗಿವೆ. ಕ್ಯಾಸೆಟ್ ಇಲ್ಲ, ಸಿ.ಡಿ. ಇಲ್ಲ, ಫೋನಿನಲ್ಲಿರುವ ಹಾಡು ಕಾರಿನಲ್ಲಿ ಕೇಳಬೇಕು. ಬದಲಾಯಿಸುವ ಆಸೆ ಸಹಜವೇ.

ಈಗ ಸೆಟ್ಟಿನ ಬೆನ್ನಿಗೆ ಬರೋಣ. ಹೊರಗೆ ಕೊಳ್ಳುವ ಬಹುತೇಕ ಸೆಟ್ಟುಗಳಲ್ಲಿ ವಿದ್ಯುತ್ತಿಗೆ ಸಂಬಂಧಿಸಿದ ಮೂರು ತಂತಿಗಳು ಮುಖ್ಯ. ಕಪ್ಪು ತಂತಿ ಕಾರಿನ ಲೋಹದ ಮೈಗೆ, ಅಂದರೆ ಬ್ಯಾಟರಿಯ ಋಣ ತುದಿಗೆ. ಹಳದಿ ತಂತಿ ಸದಾ 12 ವೋಲ್ಟ್ ಇರುವ ಕಡೆಗೆ. ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ಕಡೆಗೆ. ಒಂದೇ ಬ್ಯಾಟರಿಯಿಂದ ಎರಡು ತಂತಿ ಏಕೆ? ಹಳದಿ ತಂತಿ ಗಡಿಯಾರವನ್ನೂ ನಾವು ಆರಿಸಿಟ್ಟ ರೇಡಿಯೊ ಕೇಂದ್ರಗಳ ನೆನಪನ್ನೂ ಕಾಯುತ್ತದೆ. ಹಾಡುವಾಗ ಬೇಕಾದ ದೊಡ್ಡ ಪ್ರವಾಹವೂ ಅದರಿಂದಲೇ ಬರುತ್ತದೆ. ಕೆಂಪು ತಂತಿ ಕೇವಲ ಸೂಚನೆ ಕೊಡುವುದು: 'ಯಜಮಾನರು ಬಂದರು, ಏಳು', 'ಹೋದರು, ಮಲಗು' ಎಂದು.

ಸೆಟ್ಟಿನ ಸಾಕೆಟ್ಟು ಹೊಂದದೆ ಇದ್ದಾಗ ಅವಸರದ ಮೆಕ್ಯಾನಿಕ್ಕು ಮಾಡುವುದೇನು? ಕೆಂಪು, ಹಳದಿ ಎರಡನ್ನೂ ಹೊಸೆದು ಸದಾ ವಿದ್ಯುತ್ತಿರುವ ತಂತಿಗೆ ಸೇರಿಸಿಬಿಡುತ್ತಾನೆ. ಹಾಡು ಬರುತ್ತದೆ, ಗಿರಾಕಿ ದುಡ್ಡು ಕೊಟ್ಟು ಹೋಗುತ್ತಾನೆ. ಆದರೆ ಸೆಟ್ಟಿಗೆ 'ಮಲಗು' ಎಂದು ಹೇಳುವವರೇ ಇಲ್ಲ. ಹೊಳಲಿನಲ್ಲಿ ಆಗಿದ್ದೂ ಇದೇ. ಆಮ್ಮೀಟರನ್ನು ಹಳದಿ ತಂತಿಯ ಜೊತೆ ಸರಣಿಯಲ್ಲಿಟ್ಟು ನೋಡಿದಾಗ, ಕೀಲಿ ತೆಗೆದ ಮೇಲೂ ಕಾಲು ಆಂಪಿಯರ್ ಹರಿಯುತ್ತಿತ್ತು. ಲೆಕ್ಕ ಮಾಡಿ: 0.25 ಆಂಪಿಯರ್, 24 ಗಂಟೆ, ದಿನಕ್ಕೆ 6 ಆಂಪಿಯರ್-ಗಂಟೆ. ಮೂರು ದಿನಕ್ಕೆ 18. ಆ ಕಾರಿನ ಬ್ಯಾಟರಿಯ ಧಾರಣೆಯೇ 35, ಅದೂ ಹಳೆಯದು. ಸ್ಟಾರ್ಟರ್ ಮೋಟಾರಿಗೆ ಒಂದು ಕ್ಷಣಕ್ಕಾದರೂ ನೂರಾರು ಆಂಪಿಯರ್ ಬೇಕು. ಅರ್ಧ ಬರಿದಾದ ಮುದಿ ಬ್ಯಾಟರಿ ಎಲ್ಲಿಂದ ಕೊಟ್ಟೀತು?

(ಪ್ರಯೋಗ ಮಾಡುವವರಿಗೆ ಒಂದು ಎಚ್ಚರಿಕೆ. ಆಮ್ಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ನೇರವಾಗಿ ಎಂದೂ ಹಚ್ಚಬಾರದು. ಅದರ ರೋಧ ಅತ್ಯಲ್ಪವಾದ್ದರಿಂದ ಅದು ಶಾರ್ಟ್ ಮಾಡಿದಂತೆಯೇ. ತಂತಿ ಮುಟ್ಟುವ ಮೊದಲು ಬ್ಯಾಟರಿಯ ಋಣ ತುದಿ ಕಳಚಿರಬೇಕು.)

ತಮ್ಮನಿಗೆ ಆ ಸೆಟ್ಟು ಇಷ್ಟವಾಗಲು ಕಾರಣ ಪೆಟ್ಟಿಗೆಯ ಮೇಲಿದ್ದ ಅಕ್ಷರಗಳು: 50 ವ್ಯಾಟ್ × 4. "ಇನ್ನೂರು ವ್ಯಾಟ್ ಅಣ್ಣಾ, ಕಂಪನಿದು ಏನೂ ಅಲ್ಲ" ಎಂದು ಹೆಮ್ಮೆಯಿಂದ ತೋರಿಸಿದ. ಪಿ.ಯು.ಸಿ. ಭೌತಶಾಸ್ತ್ರ ಓದಿದ ಯಾರೂ ಇದನ್ನು ಪರೀಕ್ಷಿಸಬಹುದು. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವ ವಿಭವಾಂತರ ಸುಮಾರು 14.4 ವೋಲ್ಟ್. ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. ಸೆಟ್ಟಿನೊಳಗಿನ ಆಂಪ್ಲಿಫೈಯರ್ ಸ್ಪೀಕರಿನ ಎರಡೂ ತುದಿಗಳನ್ನು ಎದುರುಬದುರು ದಿಕ್ಕಿನಲ್ಲಿ ಎಳೆದು ಆ 14.4 ವೋಲ್ಟನ್ನೂ ಪೂರ್ತಿ ಬಳಸಿತು ಎಂದೇ ಇಟ್ಟುಕೊಳ್ಳೋಣ. ಸೈನ್ ತರಂಗದ ಗರಿಷ್ಠ ಮೌಲ್ಯ 14.4 ಆದರೆ ಅದರ ಆರ್.ಎಂ.ಎಸ್. ಮೌಲ್ಯ ಸುಮಾರು 10.2. ವರ್ಗ ಮಾಡಿ 4ರಿಂದ ಭಾಗಿಸಿದರೆ ಬರುವುದು 26 ವ್ಯಾಟ್. ನಿಜವಾದ ಸೆಟ್ಟಿನಲ್ಲಿ ನಷ್ಟಗಳನ್ನೆಲ್ಲ ಕಳೆದರೆ 17ರಿಂದ 22 ವ್ಯಾಟ್ ದಕ್ಕಿದರೆ ಹೆಚ್ಚು.

ಹಾಗಾದರೆ 50 ಎಲ್ಲಿಂದ ಬಂತು? ದನಿಯನ್ನು ವಿಪರೀತ ಏರಿಸಿದಾಗ ತರಂಗದ ನೆತ್ತಿ ಕತ್ತರಿಸಿಹೋಗಿ ಅದು ಚೌಕ ತರಂಗವಾಗುತ್ತದೆ. ಆಗ 14.4ರ ವರ್ಗವನ್ನು ನೇರವಾಗಿ 4ರಿಂದ ಭಾಗಿಸಬಹುದು: 52 ವ್ಯಾಟ್! ಸಂಖ್ಯೆ ಪೂರಾ ಸುಳ್ಳಲ್ಲ. ಆದರೆ ಅದು ಸಂಗೀತವಲ್ಲ, ಅರಚಾಟ. ಇನ್ನೊಂದು ಸಾಕ್ಷಿ ಸೆಟ್ಟಿನ ಬೆನ್ನಿಗೇ ಇತ್ತು, 10 ಆಂಪಿಯರಿನ ಫ್ಯೂಸ್. 14.4 ವೋಲ್ಟ್, 10 ಆಂಪಿಯರ್, ಒಟ್ಟು 144 ವ್ಯಾಟ್ ಒಳಗೆ ಬರಬಹುದು. ಒಳಬಂದ 144ರಿಂದ 200 ವ್ಯಾಟ್ ಸತತವಾಗಿ ಹೊರಗೆ ಕೊಡುವ ಯಂತ್ರವಿದ್ದರೆ ಶಕ್ತಿಸಂರಕ್ಷಣಾ ನಿಯಮವನ್ನೇ ಪಠ್ಯಪುಸ್ತಕದಿಂದ ತೆಗೆಯಬೇಕಾಗುತ್ತದೆ. ಅಂಗಡಿಯವರು ಪೆಟ್ಟಿಗೆಯನ್ನು ತೋರಿಸುತ್ತಾರೆ. ನೀವು ಫ್ಯೂಸನ್ನು ತೋರಿಸಿ ಎನ್ನಿ.

ಫ್ಯೂಸ್ ಸುಟ್ಟುಹೋದರೆ ದೊಡ್ಡದನ್ನು ಹಾಕುವವರಿದ್ದಾರೆ. ಬೆಳ್ಳಿಕಾಗದ ಸುತ್ತುವವರನ್ನೂ ಕಂಡಿದ್ದೇನೆ. ಫ್ಯೂಸ್ ಇರುವುದು ಸೆಟ್ಟನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ತಂತಿಯನ್ನು ಉಳಿಸಲು. ಅದು ಕರಗದಿದ್ದರೆ ತಂತಿಯೇ ಕಾದು, ಮೇಲಿನ ಪ್ಲಾಸ್ಟಿಕ್ ಹೊತ್ತಿಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಒಳಗೆ ಹತ್ತಿದ ಬೆಂಕಿ ಹೊರಗೆ ಕಾಣುವ ವೇಳೆಗೆ ತಡವಾಗಿರುತ್ತದೆ.

ಸ್ಪೀಕರ್ ತಂತಿಗಳಲ್ಲೂ ಒಂದು ಸೂಕ್ಷ್ಮವಿದೆ. ಹಳೆಯ ಕಾಲದ ಕೆಲವು ಸೆಟ್ಟುಗಳಲ್ಲಿ ಸ್ಪೀಕರಿನ ಒಂದು ತುದಿಯನ್ನು ಕಾರಿನ ಮೈಗೆ ಕೊಟ್ಟರೆ ನಡೆಯುತ್ತಿತ್ತು. ಈಗಿನ ಸೆಟ್ಟುಗಳಲ್ಲಿ, ಮೇಲೆ ಹೇಳಿದಂತೆ, ಎರಡೂ ತುದಿಗಳಲ್ಲಿ ಆಂಪ್ಲಿಫೈಯರ್ ಕೆಲಸ ಮಾಡುತ್ತಿರುತ್ತದೆ. ಪಟ್ಟೆ ಇರುವ 'ಮೈನಸ್' ತಂತಿ ಕೂಡ ಮೈಗೆ ತಾಗಕೂಡದು. ತಾಗಿದರೆ ಒಳ್ಳೆಯ ಸೆಟ್ಟು ತಾನೇ ಬಾಯಿ ಮುಚ್ಚುತ್ತದೆ, ಅಗ್ಗದ್ದು ಸುಟ್ಟುಹೋಗುತ್ತದೆ.

ಅಳತೆಯ ವಿಷಯ ಸುಲಭ. 180 ಮಿಲಿಮೀಟರ್ ಅಗಲ, 50 ಎತ್ತರದ ಗೂಡಿಗೆ 'ಸಿಂಗಲ್ ಡಿನ್' ಎಂದೂ, 100 ಎತ್ತರದ್ದಕ್ಕೆ 'ಡಬಲ್ ಡಿನ್' ಎಂದೂ ಹೆಸರು. ಡಿನ್ ಎಂದರೆ ಜರ್ಮನಿಯ ಮಾನಕ ಸಂಸ್ಥೆ. ಸ್ಟಿಯರಿಂಗಿನ ಮೇಲೆ ಗುಂಡಿಗಳಿರುವ ಹೊಸ ಕಾರುಗಳಲ್ಲಿ ಸೆಟ್ಟು ಕಾರಿನ ಇತರ ಕಂಪ್ಯೂಟರುಗಳೊಡನೆ ಮಾತಾಡುತ್ತಿರುವುದುಂಟು. ಅಲ್ಲಿ ಊಹೆಯಿಂದ ಕೈ ಹಾಕಬಾರದು, ವಾರಂಟಿಯ ಷರತ್ತನ್ನೂ ಓದಬೇಕು.

ಎಲ್ಲಕ್ಕಿಂತ ಮುಖ್ಯ, ಕಂಪನಿಯ ಸಾಕೆಟ್ಟನ್ನು ಕತ್ತರಿಸದಿರುವುದು. ಒಂದು ಕಡೆ ಕಾರಿನ ಸಾಕೆಟ್ಟಿಗೂ ಇನ್ನೊಂದು ಕಡೆ ಹೊಸ ಸೆಟ್ಟಿಗೂ ಹೊಂದುವ ಜೋಡಣೆ ತಂತಿ ಅಂಗಡಿಗಳಲ್ಲಿ ಸಿಗುತ್ತದೆ; ಸೆಟ್ಟಿನ ಬೆಲೆಯ ಮುಂದೆ ಅದೇನೂ ದುಬಾರಿಯಲ್ಲ. ಅದನ್ನು ಬಳಸಿದರೂ ಕೆಂಪು, ಹಳದಿಗಳನ್ನು ಮೀಟರಿನಿಂದ ನೋಡಲೇಬೇಕು. ಕೆಲವು ಕಾರುಗಳಲ್ಲಿ ಅವು ಅದಲುಬದಲಾಗಿರುತ್ತವೆ.

ಹೊಳಲಿನ ಕಾರಿನಲ್ಲಿ ಕೆಂಪು ತಂತಿಯನ್ನು ಬಿಡಿಸಿ, ಕೀಲಿಯೊಡನೆ ಜೀವ ಬರುವ ತಂತಿಗೆ ಸೇರಿಸಿದೆ. ಮೀಟರ್ ಕೆಲವೇ ಮಿಲಿಆಂಪಿಯರಿಗೆ ಇಳಿಯಿತು. ಆಸ್ಪತ್ರೆಯಿಂದ ಬಂದ ಚಿಕ್ಕಪ್ಪನ ದೂರು ಇನ್ನೊಂದಿತ್ತು: "ಮೊದಲಿನದರಾಗ ಆಕಾಶವಾಣಿ ಚಂದ ಬರ್ತಿತ್ತಪಾ, ಇದರಾಗ ಬರೇ ಗೊರ್ ಅಂತೈತಿ." ನೋಡಿದರೆ ನೀಲಿ ತಂತಿಯನ್ನು ಯಾವುದಕ್ಕೂ ಸೇರಿಸಿಯೇ ಇರಲಿಲ್ಲ. ಆಂಟೆನಾದ ಬುಡದಲ್ಲಿರುವ ಪುಟ್ಟ ಆಂಪ್ಲಿಫೈಯರಿಗೆ ವಿದ್ಯುತ್ ಹೋಗಬೇಕಾದದ್ದು ಅದರಿಂದ. ಪ್ರಸಾರ ಗೋಪುರ ಹತ್ತಿರವಿರುವ ನಗರದಲ್ಲಿ ಇದು ಗೊತ್ತೇ ಆಗುವುದಿಲ್ಲ, ಹಳ್ಳಿಯಲ್ಲಿ ಗೊತ್ತಾಗುತ್ತದೆ. ಅದನ್ನೂ ಸೇರಿಸಿದ ಮೇಲೆ ವಾರ್ತೆ ಸ್ಪಷ್ಟವಾಗಿ ಕೇಳಿಸಿತು.

ಚಿಕ್ಕಪ್ಪ ಮಾತ್ರ ಹಳೆಯ ಸೆಟ್ಟನ್ನೇ ಮತ್ತೆ ಹಾಕಿಸೆಂದು ಹಟ ಹಿಡಿದರು. ಸೆಟ್ಟೇನೋ ಅಟ್ಟದ ಮೇಲೆ ಭದ್ರವಾಗಿತ್ತು. ಅದಕ್ಕೆ ಬೇಕಾದ ಸಾಕೆಟ್ಟನ್ನು ಕತ್ತರಿಸಿ, ಅಂಗಡಿಯವರು ಅಂದೇ ಕಸದ ಬುಟ್ಟಿಗೆ ಎಸೆದಿದ್ದರು.