ನಿಲ್ಲಲೊಲ್ಲದ ಲಾರಿ

ದಾವಣಗೆರೆಯಿಂದ ಚಿತ್ರದುರ್ಗದ ಕಡೆಗೆ ಹೊರಟರೆ ಹೆದ್ದಾರಿಯಲ್ಲಿ ಸಿಗುವ ಊರು ಆನಗೋಡು. ಮೆಕ್ಕೆಜೋಳದ ಮೂಟೆಗಳನ್ನು ಹೇರಿಕೊಂಡ ಲಾರಿಯೊಂದು ಅಲ್ಲಿ ಗಂಟೆಗೆ 80 ಕಿಲೋಮೀಟರು ವೇಗದಿಂದ ಬರುತ್ತಿದೆಯೆನ್ನಿ. 50 ಮೀಟರು ಮುಂದೆ ಶಾಲಾಬಾಲಕನೊಬ್ಬನು, ತನ್ನನ್ನು ಕಂಡು ಡ್ರೈವರು ನಿಲ್ಲಿಸಿಯಾನೆಂದು ನಂಬಿ, ರಸ್ತೆಗೆ ಕಾಲಿಡುತ್ತಾನೆ. ಡ್ರೈವರಿಗೇನೋ ಮನಸ್ಸುಂಟು, ಲಾರಿಗೆ ಸಾಧ್ಯವುಂಟೆ?

ಚಲಿಸುವ ವಸ್ತುವು ಹೊರಗಿನ ಬಲವೊಂದು ತಡೆಯುವವರೆಗೂ ಅದೇ ವೇಗದಿಂದ ನೇರವಾಗಿ ಸಾಗುತ್ತಲೇ ಇರುವುದೆಂದು 1687ರಲ್ಲಿ ನ್ಯೂಟನ್ ಬರೆದನು. ಇದೇ ಜಡತ್ವ. ಪರೀಕ್ಷೆಗೆಂದು ಇದನ್ನು ಉರುಹಾಕಿದ ಮಕ್ಕಳು ಬಹುಮಂದಿ. ರಸ್ತೆಯಂಚಿನಲ್ಲಿ ನೆನೆಯುವವರು ವಿರಳ. ಬ್ರೇಕು ಹಿಡಿಯುವುದು ಚಕ್ರವನ್ನು. ಲಾರಿಯನ್ನು ತಡೆಯುವ ಬಲ ಮುಖ್ಯವಾಗಿ ಟೈರಿಗೂ ರಸ್ತೆಗೂ ನಡುವಣ ಘರ್ಷಣೆ.

ಈಗ ಲೆಕ್ಕ ಹಾಕೋಣ. ಒಣರಸ್ತೆಯಲ್ಲಿ ಪ್ರತಿ ಸೆಕೆಂಡಿಗೂ ವೇಗವು ಗಂಟೆಗೆ 18 ಕಿಲೋಮೀಟರಿನಷ್ಟು ತಗ್ಗುವುದೆಂದು ಹಿಡಿಯಿರಿ. 40 ಕಿಲೋಮೀಟರು ವೇಗದ ಲಾರಿಯು ಬ್ರೇಕು ಹಾಕಿದ ಮೇಲೆ ಸುಮಾರು 12 ಮೀಟರಿನಲ್ಲಿ ನಿಲ್ಲುತ್ತದೆ. 80ಕ್ಕೆ ಅದರ ಎರಡರಷ್ಟು ಸಾಲದು, ನಾಲ್ಕರಷ್ಟು ಬೇಕು. ಎಂದರೆ ಸುಮಾರು 49 ಮೀಟರು. ಬಾಲಕನನ್ನು ಕಂಡು ಡ್ರೈವರು ಬ್ರೇಕು ಒತ್ತುವ ಒಂದು ಸೆಕೆಂಡಿನೊಳಗೇ 22 ಮೀಟರು ಸರಿದುಹೋಗಿರುತ್ತದೆ. ಅಲ್ಲಿಗೆ 71 ಮೀಟರು. ಮಳೆ ಬಿದ್ದ ರಸ್ತೆಯ ಮಾತಂತೂ ಬೇಡ.