ಗ್ಯಾಸ್ ಒಲೆಯ ಮೇಲೆ ಸರ್ಕ್ಯೂಟ್ ಬೋರ್ಡ್ ಕಾಯಿಸಿ ಬಿಡಿಭಾಗ ಬಿಚ್ಚಬಹುದೇ?

ಹಳೆಯ ಟಿವಿ, ಕಂಪ್ಯೂಟರ್ ಬೋರ್ಡನ್ನು ಗ್ಯಾಸ್ ಒಲೆಯ ಮೇಲೆ ಹಿಡಿದು ತಟ್ಟಿದರೆ ಬಿಡಿಭಾಗಗಳೆಲ್ಲ ಉದುರುತ್ತವೆ ಎನ್ನುವಂಥ ವಿಡಿಯೋಗಳು ನಿಮಗೂ ಬಂದಿರಬಹುದು. ಉದುರುತ್ತವೆ, ಅದು ನಿಜ. ಆದರೆ ಆ ಅಡುಗೆಮನೆಯಲ್ಲಿ ಆಮೇಲೆ ಏನು ಉಳಿಯುತ್ತದೆ ಎಂಬುದನ್ನು ವಿಡಿಯೋ ತೋರಿಸುವುದಿಲ್ಲ.

ಬಿಡಿಭಾಗಗಳನ್ನು ಬೋರ್ಡಿಗೆ ಹಿಡಿದಿಡುವುದು ಬೆಸುಗೆ, ಅಂದರೆ ಸೋಲ್ಡರ್. ಹಳೆಯ ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. 2006ರಲ್ಲಿ ಯುರೋಪ್ ಸೀಸಕ್ಕೆ ಕಡಿವಾಣ ಹಾಕಿದ ಮೇಲೆ ವ್ಯಾಪಕವಾದ ತವರ-ಬೆಳ್ಳಿ-ತಾಮ್ರದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಗ್ಯಾಸ್ ಜ್ವಾಲೆಯ ಬಿಸಿ ಸಾವಿರ ಡಿಗ್ರಿ ದಾಟುತ್ತದೆ! ಹಾಗಾಗಿ ಬೆಸುಗೆಯ ಜತೆ ಬೋರ್ಡೂ ಸುಡುತ್ತದೆ. ಬೇಗ ಬೆಂಕಿ ಹೊತ್ತಿಕೊಳ್ಳದಿರಲಿ ಎಂದು ಅನೇಕ ಬೋರ್ಡ್‌ಗಳಲ್ಲಿ ಬ್ರೋಮಿನ್ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಅವು ಸುಟ್ಟಾಗ ಡಯಾಕ್ಸಿನ್ ಜಾತಿಯ ವಿಷಗಳು ಹುಟ್ಟಬಹುದು. ಕೆಪಾಸಿಟರ್, ಬ್ಯಾಟರಿಗಳು ಸಿಡಿಯಬಹುದು. ಹಳೆಯ ಬೋರ್ಡಾದರೆ ಸೀಸದ ಹನಿಗಳು ಅಡುಗೆಕಟ್ಟೆಯ ಮೇಲೆ ಬೀಳುತ್ತವೆ. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳ ಮಿದುಳಿಗೆ ಅಪಾಯ ಹೆಚ್ಚು.

ಹಾಗಾದರೆ ಜಪ್ಪಯ್ಯ ಅಂದರೂ ಬಿಡದ ಭಾಗವನ್ನು ತೆಗೆಯುವುದು ಹೇಗೆ? ಅದು ಬಿಡದಿರಲು ಕಾರಣ ಸಾಮಾನ್ಯವಾಗಿ ತಾಮ್ರ. ಬೋರ್ಡಿನೊಳಗಿನ ಅಗಲವಾದ ತಾಮ್ರದ ಪದರ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಸುಗೆ ಕರಗುವುದೇ ಇಲ್ಲ. ಆಗ ಜೋರಾಗಿ ಎಳೆದರೆ ಭಾಗದ ಜತೆ ತಾಮ್ರದ ಪಟ್ಟಿಯೂ ಕಿತ್ತುಬರುತ್ತದೆ.

ರಿಪೇರಿಯವರು ಮಾಡುವುದು ಕೇಳಲು ವಿಚಿತ್ರ: ಬೆಸುಗೆ ತೆಗೆಯಲು ಇನ್ನಷ್ಟು ಬೆಸುಗೆ ಹಾಕುತ್ತಾರೆ. ಹಳೆಯ ಬೆಸುಗೆಯ ಮೇಲೆ ಆಕ್ಸೈಡ್ ಪೊರೆ ಕೂತಿರುವುದರಿಂದ ಸೋಲ್ಡರಿಂಗ್ ಐರನ್‌ನ ಬಿಸಿ ಸರಿಯಾಗಿ ಇಳಿಯದು. ಫ್ಲಕ್ಸ್ ಹಚ್ಚಿದರೆ ಪೊರೆ ಹೋಗುತ್ತದೆ, ಹೊಸ ಬೆಸುಗೆ ಹರಡಿಕೊಂಡು ಬಿಸಿಯನ್ನು ಒಳಗೆ ದಾಟಿಸುತ್ತದೆ. ಅದಕ್ಕೂ ಬಗ್ಗದಿದ್ದರೆ 138 ಡಿಗ್ರಿಗೇ ಕರಗುವ ತವರ-ಬಿಸ್ಮತ್ ಬೆಸುಗೆ ಬೆರೆಸುತ್ತಾರೆ. ಮಿಶ್ರಣ ಹೆಚ್ಚು ಹೊತ್ತು ದ್ರವವಾಗಿಯೇ ಇರುವುದರಿಂದ ಭಾಗ ತಾನಾಗಿ ಸಡಿಲವಾಗುತ್ತದೆ. ಬಳಿಕ ಹೀರುವ ಪಂಪ್ ಅಥವಾ ತಾಮ್ರದ ಜಡೆಯಿಂದ ಎಲ್ಲವನ್ನೂ ತೆಗೆಯಬೇಕು. ಬಿಸ್ಮತ್ ಉಳಿದರೆ ಮುಂದಿನ ಬೆಸುಗೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಹತ್ತಾರು ಕಾಲುಗಳ ಐಸಿಗಳಿಗೆ ಬಿಸಿಗಾಳಿಯ ಯಂತ್ರವೇ ಸರಿ.

ಈ ಕೆಲಸದಲ್ಲಿ ಏಳುವ ಹೊಗೆಯೆಲ್ಲ ಸೀಸ ಎಂಬ ಮಾತೂ ಹರಿದಾಡುತ್ತದೆ. ಐರನ್‌ನ ಬಿಸಿಗೆ ಸೀಸ ಆವಿಯಾಗುವುದು ತೀರಾ ಅತ್ಯಲ್ಪ. ಆ ಹೊಗೆ ಮುಖ್ಯವಾಗಿ ಫ್ಲಕ್ಸ್‌ನದು. ಅದೇನೂ ನಿರುಪದ್ರವಿಯಲ್ಲ, ಆಸ್ತಮಾ ತರಬಲ್ಲದು; ಕಿಟಕಿ ತೆರೆದಿರಬೇಕು. ಸೀಸ ಹೊಟ್ಟೆ ಸೇರುವುದು ಹೆಚ್ಚಾಗಿ ಕೈಯಿಂದ. ಬೋರ್ಡ್ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.